ಯರಗಟ್ಟಿಗೆ ಬಂದ ದೋಣಿಯ ಹಾಯಿ

ಸಮುದ್ರವೇ ಇಲ್ಲದ ಊರಿನಲ್ಲಿ ಹಾಯಿದೋಣಿಯ ಸಾಮಾನು ರಿಪೇರಿ ಮಾಡುತ್ತೇನೆ ಅಂದರೆ ಜನ ಸುಮ್ಮನೆ ಬಿಡುವುದಿಲ್ಲ. ನನ್ನ ಮೇಲೆ ಒಂದಿಲ್ಲೊಂದು ಗುಮಾನಿ ಹುಟ್ಟುತ್ತಲೇ ಇರುತ್ತದೆ.

ನಾನು ನೇಸರಗಿಯವನು. ಗೋವಾದಲ್ಲಿ ಬಹಳ ವರ್ಷ ಶ್ರೀಮಂತರ ಹಾಯಿದೋಣಿಗಳ ಮೇಲೆ ದುಡಿದು, ಈಗ ಯರಗಟ್ಟಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟಿದ್ದೇನೆ. ಇಂಥ ದೋಣಿಗಳ ಮೂತಿಗೆ ಒಂದು ದೊಡ್ಡ ಹಾಯಿ ಇರುತ್ತದೆ. ಗಾಳಿ ಜೋರಾದರೆ ಅದನ್ನು ಇಳಿಸಲು ಮೊದಲೆಲ್ಲ ಕುಣಿಯುವ ದೋಣಿಯ ತುದಿಗೆ ತೆವಳಿಕೊಂಡು ಹೋಗಬೇಕಿತ್ತು. ಈಗ ಅಲ್ಲೊಂದು ಉರುಳೆ ಕೂರಿಸಿರುತ್ತಾರೆ. ದೋಣಿಯ ಹಿಂಬದಿಯಲ್ಲಿ ಆರಾಮಾಗಿ ಕೂತು ಸಣ್ಣ ಹಗ್ಗ ಎಳೆದರೆ ಉರುಳೆ ತಿರುಗಿ, ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಆ ಉರುಳೆಗಳ ರಿಪೇರಿಯೇ ನನ್ನ ಹೊಟ್ಟೆಪಾಡು.

೧. ಖರೇ ದಂಧೆ

ಅಂಗಡಿಯ ಮಾಲೀಕರು ಬಾಡಿಗೆಗೆ ಕೊಟ್ಟ ದಿನದಿಂದಲೂ ದಿನಾ ಸಂಜೆ ಬಂದು ನಿಲ್ಲುತ್ತಿದ್ದರು.

"ಹಾಯಿ ಅಂದ್ರ ಏನಪಾ?"

"ದೋಣಿಗೆ ಕಟ್ಟೋ ಅರಿವಿರಿ. ಗಾಳಿ ತುಂಬಿಕೊಂಡ್ರ ದೋಣಿ ಹೋಗತೈತ್ರಿ."

ಮೇಜಿನ ಮೇಲಿದ್ದ ಉರುಳೆ ತೋರಿಸಿದರು. "ಮತ್ತ ಇದು?"

"ಆ ಅರಿವಿ ಸುತ್ತಾಕ್ರಿ."

"ಅರಿವಿ ಸುತ್ತಾಕ ಒಂದು ಮಶಿನ್ನು! ಅದು ಕೆಟ್ರ ಗೋವಾದಾಗ ಇದ್ದಾವರು ಯರಗಟ್ಟಿಗೆ ಕಳಸ್ತಾರ!"

"ಹೌದ್ರಿ, ಅವರಿಗೆ ನನ್ನ ಕೈಗುಣ ಗೊತ್ತೈತ್ರಿ."

ಅವರು ಉರುಳೆಯನ್ನು ತಿರುಗಿಸಿದರು, ಗ್ರೀಸಿನ ವಾಸನೆ ನೋಡಿದರು, ಬಾಗಿಲನ್ನು ಅರ್ಧ ಮುಚ್ಚಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ನಾ ಬ್ಯಾಡ ಅನ್ನೂದಿಲ್ಲ. ಆದರ ಖರೇ ದಂಧೆ ಯಾವುದು ಅಂತ ನನಗ ಒಬ್ಬಾವಗ ಹೇಳಿಬಿಡು. ಮನ್ಯಾಗ ನಮ್ಮಾಕಿ ಮುಂದ ಸುದ್ದಾ ಬಾಯಿ ಬಿಡೂದಿಲ್ಲ" ಅಂದರು.

೨. ಬಸ್ಸಿನಲ್ಲಿ ಕೊಳವೆ

ಹಾಯಿ ಸುತ್ತಿಕೊಳ್ಳುವುದು ಉದ್ದನೆಯ ಅಲ್ಯೂಮಿನಿಯಂ ಕೊಳವೆಗೆ. ಅದರದೊಂದು ತುಂಡನ್ನು ಬೆಳಗಾವಿಯಿಂದ ಬಸ್ಸಿನಲ್ಲಿ ತರುತ್ತಿದ್ದೆ. ಒಂದು ತುದಿ ಹಿಂದಿನ ಸೀಟಿನ ಮೇಲೆ, ಇನ್ನೊಂದು ತುದಿ ಮುಂದೆ ಇಬ್ಬರು ಹೆಣ್ಣುಮಕ್ಕಳು ಕೂತ ಸೀಟಿನ ಬೆನ್ನಿನ ಮೇಲೆ, ಅವರ ಭುಜದ ಹತ್ತಿರ.

ಕಂಡಕ್ಟರ್ ಬಂದ. "ಒಳಗ ಏನ್ ತುಂಬೀರಿ?"

"ಏನಿಲ್ರಿ, ಖಾಲಿ ಐತಿ."

"ಖಾಲಿ ಪೈಪಿಗೆ ಗೋಣಿಚೀಲಾ ಸುತ್ತಿ, ಕೂಸಿನಂಗ ಜ್ವಾಕಿ ಮಾಡಿ ಯಾರ ಒಯ್ತಾರ್ರಿ?"

ಬಗ್ಗಿ ನೋಡಿದ, ಬೆರಳಿನಿಂದ ಬಡಿದ. ಸಮಾಧಾನ ಆಗಲಿಲ್ಲ. ಕೊನೆಗೆ ಹಿಂದಿನ ತುದಿಗೆ ಕಿವಿಯನ್ನೇ ಹಚ್ಚಿದ. ಅಷ್ಟು ಹೊತ್ತಿಗೆ ಮುಂದಿನ ಹೆಣ್ಣುಮಕ್ಕಳು ಅವನ ಮೀಸೆಯ ಕಡೆ ತಿರುಗಿ ತಿರುಗಿ ನೋಡಿ, ಕೊಳವೆಯ ಆ ತುದಿಯ ಹತ್ತಿರವೇ ಏನೋ ಪಿಸುಗುಟ್ಟಿ ನಗುತ್ತಿದ್ದರು. ಕೇಳುತ್ತಾ ಕೇಳುತ್ತಾ ಕಂಡಕ್ಟರನ ಮುಖ ಕೆಂಪಾಯಿತು. ಎದ್ದು ನಿಂತವನೇ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ:

"ಬಣ್ಣ ಹಚ್ಚಿಲ್ರೀ ಅಕ್ಕಾರ! ಮೀಸಿ ಹುಟ್ಟಾ ಕರಿ ಅದಾವ!"

೩. ದಲಾಲರ ಟ್ರ್ಯಾಲಿ

ಒಮ್ಮೆ ರಿಪೇರಿಯಾದ ಉರುಳೆಯೊಂದನ್ನು ಕಳಿಸುವ ಮೊದಲು ಗಾಳಿಯಲ್ಲಿ ಪರೀಕ್ಷೆ ಮಾಡಬೇಕಾಯಿತು. ದೋಣಿ ಎಲ್ಲಿಂದ ತರಲಿ? ಕಾಳುಕಡಿ ವ್ಯಾಪಾರದ ದಲಾಲರೊಬ್ಬರ ನಾಲ್ಕು ಗಾಲಿಯ ಟ್ರ್ಯಾಕ್ಟರ್ ಟ್ರ್ಯಾಲಿ ಬಯಲಿನಲ್ಲಿ ಖಾಲಿ ನಿಂತಿತ್ತು. ಹೋಗಿ ಕೇಳಿದೆ.

"ಟ್ರ್ಯಾಲಿ ಮ್ಯಾಲೆ ಕಂಬಾ ನಿಲ್ಲಿಸಿ ಅರಿವಿ ಕಟ್ಟತೀ? ಅಷ್ಟೇನಾ?"

"ಅಷ್ಟೇರಿ."

"ಅಷ್ಟೇ ಆಗಿರಾಕ ಸಾಧ್ಯ ಇಲ್ಲ. ನಾನೂ ಮ್ಯಾಲೆ ಕುಂಡ್ರತೇನಿ."

ತಲೆಯ ಪಟಕಾ ಬಿಗಿ ಮಾಡಿಕೊಂಡು ಟ್ರ್ಯಾಲಿಯ ನಡುವೆ ಕೂತೇಬಿಟ್ಟರು. ನಾನು ಕಂಬ, ಉರುಳೆ, ಹಾಯಿ ಕೂರಿಸಿ, ಸುತ್ತುವ ಸಣ್ಣ ಹಗ್ಗವನ್ನು ಅವರ ಕಾಲ ಹತ್ತಿರ ಬಿಟ್ಟು, ಗಾಲಿಗಳಿಗೆ ಕಲ್ಲು ಇಟ್ಟು, ಕೆಳಗೆ ನಿಂತು ಹಾಯಿ ಬಿಚ್ಚುವ ಹಗ್ಗ ಎಳೆದೆ. ಆಷಾಢದ ಗಾಳಿ. ಹಾಯಿ ಬಿಚ್ಚಿದ್ದೇ ಫಟ್ ಅಂತ ಉಬ್ಬಿತು. ಕಲ್ಲುಗಳು ಜಾರಿದವು. ದಲಾಲರನ್ನು ಹೊತ್ತುಕೊಂಡು ಟ್ರ್ಯಾಲಿ ಹೊರಟೇಬಿಟ್ಟಿತು! ಎದುರಿಗೆ ಯಾರದೋ ಜೋಳದ ಕಣಿಕೆಯ ಬಣವೆ.

ನಾನು ಹಿಂದೆ ಓಡುತ್ತಾ ಕೂಗಿದೆ: "ಸಾವಕಾರ್ರ, ನಿಮ್ಮ ಕಾಲಾಗಿನ ಸಣ್ಣ ಹಗ್ಗಾ ಎಳೀರಿ!"

"ಎಳದ್ರ ಏನ್ ಆಗತೈತಿ, ಮೊದಲ ಅದನ್ನ ಹೇಳು!"

"ನಿಲ್ಲತೈತ್ರಿ!"

"ಹಗ್ಗಾ ಎಳದ್ರ ಟ್ರ್ಯಾಲಿ ಹೆಂಗ ನಿಲ್ಲತೈತಿ? ನನ್ನ ಹುಚ್ಚ ಮಾಡ್ತೀಯೇನ?"

ನನ್ನ ಮಾತಿನ ಮೇಲೆ ನಂಬಿಕೆ ಬಾರದೆ ಪಕ್ಕದ ದಪ್ಪ ಹಗ್ಗ ಹಿಡಿದು ಜಗ್ಗಿದರು. ಹಾಯಿ ಇನ್ನೂ ಬಿಗಿಯಾಯಿತು, ಟ್ರ್ಯಾಲಿ ಇನ್ನೂ ಜೋರಾಯಿತು. ಬಣವೆಯ ನೆರಳಲ್ಲಿ ಮಲಗಿದ್ದ ಎಮ್ಮೆ ಎದ್ದು ಓಡಿತು. ಆಗ ದಲಾಲರು ದೇವರನ್ನು ಕೂಗುತ್ತಾ ಸಣ್ಣ ಹಗ್ಗವನ್ನು ಎರಡೂ ಕೈಯಿಂದ ಎಳೆದರು. ಉರುಳೆ ಗರಗರ ತಿರುಗಿತು, ಹಾಯಿ ಸುತ್ತಿಕೊಂಡಿತು. ಟ್ರ್ಯಾಲಿ ಹೋಗಿ ಬಣವೆಯನ್ನು ಮೆಲ್ಲಗೆ ಮುಟ್ಟಿ ನಿಂತಿತು.

ದಲಾಲರಿಗೆ ಏನೂ ಆಗಿರಲಿಲ್ಲ. ನಿಧಾನವಾಗಿ ಇಳಿದರು. ನಾನು ಏದುಸಿರು ಬಿಡುತ್ತಾ ಹತ್ತಿರ ಹೋಗಿ, "ನೋಡಿದ್ರೆಲ್ರಿ, ಎಂಥಾ ಗಾಳಿ ಇದ್ರೂ ಕುಂತಲ್ಲೇ ಹಾಯಿ ಸುತ್ತಬಹುದು" ಅಂದೆ.

ಅವರು ಧೋತರ ಎತ್ತಿ ಕಟ್ಟಿ, ಮೊಳಕಾಲೂರಿ ಟ್ರ್ಯಾಲಿಯ ಕೆಳಗೆ ತೂರಿದರು. ಈ ಗಾಲಿಯಿಂದ ಆ ಗಾಲಿಯತನಕ ತಡಕಾಡಿದರು. ಕಡೆಗೆ ಒಳಗಿನಿಂದಲೇ ದನಿ ಬಂತು:

"ಸುಮ್ಮನ ಒಪ್ಪಿಕೊಳ್ಳೋ ತಮ್ಮಾ. ಎಂಜಿನ್ ಎಲ್ಲಿ ಮುಚ್ಚಿಟ್ಟೀ?"