ಹವಾಲ್ದಾರ ಕಾಕಾ ಮತ್ತು ಗುಳ್ಳೆ ವೈನು

ಗೋಕಾಕದಲ್ಲಿ ಗುಳ್ಳೆ ಏಳುವ ವೈನಿನಿಂದ ಕಾಕ್‌ಟೇಲ್ ಮಾಡಿ, ಸ್ವಂತ ಮನೆಯ ಮಾಳಿಗೆಯ ಮೇಲೆ ಅತಿಥಿಗಳಿಗೆ ಕುಡಿಸಿದ ಪ್ರಥಮ ಕನ್ನಡಕದಂಗಡಿಯವನು ನಾನೇ ಎಂದು ನನ್ನ ನಂಬಿಕೆ. ‘ಕುಡಿಸಿದ’ ಎಂಬ ಮಾತಿಗೆ ಹೆಂಡತಿಯ ಆಕ್ಷೇಪವಿದೆ. ಇರಲಿ.

ಕಾರಣ ಘನವಾದದ್ದೇ ಇತ್ತು. ತಂದೆಯಿಲ್ಲದ ಸುನಂದಾಳನ್ನು ಸಾಕಿ, ಓದಿಸಿ, ನನ್ನಂಥವನಿಗೂ ಧೈರ್ಯವಾಗಿ ಮದುವೆ ಮಾಡಿಕೊಟ್ಟವರು ಹುಕ್ಕೇರಿಯ ಅವಳ ಚಿಕ್ಕಪ್ಪ, ಅಂದರೆ ಕಾಕಾ. ಮಿಲಿಟರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಮೀಸೆ ಮಾತ್ರ ಇನ್ನೂ ಸೇವೆಯಲ್ಲಿದೆ. ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಬಂದು ಹೋದವರು ಮತ್ತೆ ಈ ಕಡೆ ಮುಖ ಹಾಕಿರಲಿಲ್ಲ. ಸುನಂದಾ ಫೋನ್ ಮಾಡಿದರೆ ಹಾಂ, ಹೂಂ ಅಂದು ಇಟ್ಟುಬಿಡುತ್ತಿದ್ದರು. ಆಮೇಲೆ ಅವಳು ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

“ಅವತ್ತ ಹೋಳಿಗಿ ನೀಡುವಾಗ ಕಾಕಾ ಸಾಕು ಅಂದ್ರು. ನೀವು ಖರೇನ ಸಾಕು ಅಂತ ತಿಳದು ಬಾಜೂದವ್ರ ಕಡೆ ಹೋದ್ರಿ. ಒಂದೀಟು ಒತ್ತಾಯ ಮಾಡಿದ್ರ ನಿಮ್ಮ ಗಂಟು ಹೋಗ್ತಿತ್ತೇನ್ರಿ?” ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

“ಗಡಿ ಕಾಯ್ದ ಮನಷ್ಯಾ ಒಂದು ಹೋಳಿಗಿಗೆ ಸಿಟ್ಟಾಗ್ತಾನೇನ? ಮಿಲ್ಟ್ರಿಯವ್ರಿಗೆ ಊಟದ ಮುಂಚೆ ಒಂದೀಟು ಬೇಕಾಗತೈತಿ. ನಾವು ಕೊಡಲಿಲ್ಲ. ಅದ ಖರೇ ಕಾರಣ!” ಎಂದು ನಾನು ತೀರ್ಪು ಕೊಟ್ಟೆ.

ನಮ್ಮ ಮದುವೆಯ ವಾರ್ಷಿಕೋತ್ಸವ ಬಂತು. ಸುನಂದಾ ಅತ್ತೂ ಕರೆದೂ ಕಾಕಾನನ್ನು ಒಪ್ಪಿಸಿದಳು. ಬಾಜೂ ಮನೆಯ ಬಸುರಾಜ ಮತ್ತವನ ಹೆಂಡತಿಗೂ ಹೇಳಿದೆವು. ಪಾನೀಯದ ಖಾತೆ ನನ್ನದು ಎಂದು ನಾನು ಘೋಷಿಸಿದೆ. ಮೊಬೈಲಿನಲ್ಲಿ ಕುತ್ತಿಗೆಗೆ ಚಿಟ್ಟೆಯಂಥ ಟೈ ಕಟ್ಟಿಕೊಂಡ ಒಬ್ಬ ತರುಣ ಕಾಕ್‌ಟೇಲ್ ಮಾಡುವುದನ್ನೆಲ್ಲ ಕಲಿಸುತ್ತಾನೆ. ಅವನೇ ನನ್ನ ಗುರು.

ಬೆಳಗಾವಿಗೆ ಹೋಗಿ ಎರಡು ಬಾಟಲಿ ಗುಳ್ಳೆ ವೈನು ತಂದೆ. ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಅಂಕಲಗಿ ದಾಟುವವರೆಗೆ ರಸ್ತೆಯ ಒಂದು ಗುಂಡಿಯನ್ನೂ ಡ್ರೈವರ್ ಬಿಡಲಿಲ್ಲ. ಬಾಟಲಿಯ ಹೊಟ್ಟೆಯಲ್ಲಿ ಏನು ನಡೆದಿದೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಸಂಜೆ ಮಾಳಿಗೆಯ ಮೇಲೆ ದೀಪದ ಸರ ಹಾಕಿದ್ದೆ. ಕಾಕಾ ಖುರ್ಚಿಯಲ್ಲಿ ಪರೇಡಿಗೆ ನಿಂತಂತೆ ನೆಟ್ಟಗೆ ಕೂತಿದ್ದರು. ನಾನು ಎಲ್ಲರ ಗಮನ ಸೆಳೆದು, ಗಂಟಲು ಸರಿಮಾಡಿಕೊಂಡು, ಮುಚ್ಚಳದ ತಂತಿ ಬಿಚ್ಚಿದೆ.

ಢಮ್!

ಬಿರಡೆ ಹಾರಿ ದೀಪದ ಸರಕ್ಕೆ ಬಡಿಯಿತು. ಅರ್ಧ ದೀಪಗಳು ಆರಿದವು. ಅರ್ಧ ಬಾಟಲಿ ವೈನು ಸುನಂದಾ ಒಣಗಲು ಹಾಕಿ ತೆಗೆಯಲು ಮರೆತಿದ್ದ ಸಂಡಿಗೆಯ ಮೇಲೆ ಸುರಿಯಿತು. ಬಸುರಾಜ ಖುರ್ಚಿಯ ಹಿಂದೆ ಅಡಗಿದ. ಕಾಕಾ ಮಾತ್ರ ರೆಪ್ಪೆ ಬಡಿಯಲಿಲ್ಲ.

“ಅಳಿಯಾ, ಹಾರಸೂ ಮುಂಚೆ ಎತ್ತ ಹೊಂಟೈತಿ ಅಂತ ನೋಡಬೇಕು,” ಎಂದರು.

ಮುಂದಿನದು ಸಕ್ಕರೆಯ ಘಟ್ಟ. ಗ್ಲಾಸಿನ ತಳದಲ್ಲಿ ಚೌಕ ಸಕ್ಕರೆಯ ತುಂಡು ಹಾಕಬೇಕೆಂದು ಗುರುವಿನ ಆದೇಶ. ಅದು ಊರಲ್ಲಿ ಸಿಗಲಿಲ್ಲ. ಕಬ್ಬಿನ ನಾಡಿನಲ್ಲಿ ಹುಟ್ಟಿ ಚೌಕ ಸಕ್ಕರೆಗೆ ಅಂಗಲಾಚುವುದೇ? ಕಲ್ಲೋಳಿಯಿಂದ ತರಿಸಿದ್ದ ಗಾಣದ ಬೆಲ್ಲ ಮನೆಯಲ್ಲಿತ್ತು. ಒಂದೊಂದು ಗ್ಲಾಸಿಗೆ ನಿಂಬೆಕಾಯಿಯಷ್ಟು ಹಾಕಿ ಮೇಲೆ ವೈನು ಸುರಿದೆ. ಉಕ್ಕಿತು ನೋಡಿ! ಗ್ಲಾಸು ದಾಟಿ, ಟ್ರೇ ದಾಟಿ, ನನ್ನ ಹೊಸ ಬಿಳಿ ಅಂಗಿಯ ತೋಳಿನವರೆಗೆ ಬಂತು. ನೊರೆ ಇಳಿದ ಮೇಲೆ ಉಳಿದದ್ದು ಗ್ಲಾಸಿನ ಕಾಲುಭಾಗ, ಮಳೆಗಾಲದ ಘಟಪ್ರಭೆಯ ಬಣ್ಣದ್ದು. ಎರಡನೆಯ ಬಾಟಲಿಯನ್ನೂ ಸುರಿದು ಹೇಗೋ ಗ್ಲಾಸು ತುಂಬಿಸಿದೆ.

ಟ್ರೇ ಹಿಡಿದು ಮೊದಲು ಕಾಕಾನ ಮುಂದೆ ಬಾಗಿದೆ.

“ಬ್ಯಾಡಪಾ, ಬ್ಯಾಡ. ಈಗಷ್ಟ ಚಾ ಆಗೇತಿ,” ಎಂದರು. ಕಣ್ಣು ಮಾತ್ರ ಗ್ಲಾಸಿನ ಮೇಲೇ ಇತ್ತು.

ಇಲ್ಲಿ ನನ್ನ ಗುರುವಿನ ಅತಿ ಮುಖ್ಯ ಪಾಠ ನೆನಪಾಯಿತು. ಅತಿಥಿ ಬೇಡ ಎಂದರೆ ಎಂದಿಗೂ ಬಲವಂತ ಮಾಡಬೇಡಿ, ಮುಗುಳ್ನಕ್ಕು ಮುಂದೆ ಸಾಗಿ! ನಾನು ಮುಗುಳ್ನಕ್ಕೆ. ಮುಂದೆ ಸಾಗಿದೆ.

ಹಿರಿಯರೇ ಮುಟ್ಟದ ಮೇಲೆ ಬಸುರಾಜ ಹೇಗೆ ಮುಟ್ಟಿಯಾನು? “ನನಗೂ ಬ್ಯಾಡ್ರಿ,” ಎಂದ. ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದು ತಲೆ ಆಡಿಸಿದಳು. ನಾನು ಎಲ್ಲರಿಗೂ ಮುಗುಳ್ನಕ್ಕು, ತುಂಬಿದ ಟ್ರೇಯನ್ನು ಅಡುಗೆಮನೆಗೆ ಇಳಿಸಿಕೊಂಡು ಬಂದೆ. ನಮ್ಮ ಜನ ಎಷ್ಟು ಸಂಯಮಿಗಳು ಎಂದು ಹೆಮ್ಮೆಯೂ ಆಯಿತು. ಇಷ್ಟು ಕಷ್ಟಪಟ್ಟು ಮಾಡಿದ್ದು ಹಾಳಾಗಬಾರದಲ್ಲ? ಒಂದು ಗ್ಲಾಸು ಕುಡಿದೆ. ಬೆಲ್ಲ ತಳದಲ್ಲಿತ್ತು, ಅದಕ್ಕೆ ಇನ್ನೊಂದು. ಆಮೇಲೆ ಉಳಿದವುಗಳಿಗೆ ಬೇಜಾರಾಗದಿರಲೆಂದು ಅವನ್ನೂ.

ಸುನಂದಾ ಓಡಿ ಬಂದಳು. “ಏನ್ರಿ, ಕಾಕಾ ಚಪ್ಪಲಿ ಹಾಕ್ಕೊಳ್ಳಾಕತ್ತಾರ! ಎಲ್ಲೈತ್ರಿ ಅದು?”

“ಯಾರಿಗೂ ಬ್ಯಾಡಂತ. ನಾನ ಮುಗಿಸೇನಿ.”

ಅವಳು ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಕಣ್ಣಲ್ಲಿ ನೀರಿತ್ತು. ಆಗ ಮಾತ್ರ ನನಗೆ ಹೊಳೆಯಿತು. ಈ ಸಲ ಕಾಕಾ ಹೋದರೆ ಹೋದಂತೆಯೇ.

ಅವಳು ಕೈಗೆ ಸಿಕ್ಕ ಮಜ್ಜಿಗೆಯ ತಂಬಿಗೆ, ಲೋಟ ಎತ್ತಿಕೊಂಡು ಓಡಿ, ಮೆಟ್ಟಿಲಿಗೆ ಅಡ್ಡ ನಿಂತಳು.

“ಕಾಕಾ, ಕುಡದ ಹೋಗಬೇಕು.”

“ಬ್ಯಾಡ ಮಗಳ. ಹುಕ್ಕೇರಿ ಬಸ್ಸು ತಪ್ಪತೈತಿ.”

“ತಪ್ಪಲಿ. ಒಂದ ಗುಟುಕು.”

“ಸಾಕಂದ್ನೆಲ್ಲ!”

“ನನ್ನ ಆಣಿ ಐತಿ!”

ಕಾಕಾನ ಮೀಸೆ ಅದುರಿತು. “ಏನ ಹಟಮಾರಿ ಹುಡುಗಿ ಇದು,” ಎನ್ನುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಒಂದು ಲೋಟ ಕುಡಿದರು. ಬೇಡ ಬೇಡ ಎನ್ನುತ್ತಲೇ ಇನ್ನೊಂದು ಕುಡಿದರು. ಬಸುರಾಜನೂ ಬೇಡವೆಂದು ಕೈ ಅಡ್ಡ ಹಿಡಿದೇ ಲೋಟ ಒಡ್ಡಿದ. ದೇಶ ಕಾಯ್ದ ಆ ಮನುಷ್ಯ ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಳ್ಳುತ್ತಾ ಸುನಂದಾಳ ತಲೆ ಸವರಿ, “ಬಾಳ ದಿವಸ ಆತಲ್ಲ ಮಗಳ,” ಎಂದರು. ಅವಳು ಅಳುತ್ತಳುತ್ತಲೇ ನಕ್ಕಳು.

ಹೊರಡುವಾಗ ನಾನು ಬಾಗಿಲು ಹಿಡಿದು ನಿಂತಿದ್ದೆ. ಹಿಡಿಯದೆ ನಿಲ್ಲುವ ಸ್ಥಿತಿ ಇರಲಿಲ್ಲ. “ನಾಳೇನ ಬರ್ರಿ ಕಾಕಾ!” ಎಂದು ಸಲ್ಯೂಟ್ ಹೊಡೆದೆ. ಕೈ ಬಿಟ್ಟದ್ದಕ್ಕೆ ವಾಲಿದೆ.

ಕಾಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸುನಂದಾಳ ಕಡೆ ತಿರುಗಿದರು. “ಅಳಿಯಾ ಅಂಗಡಿಗೆ ಎಷ್ಟಕ್ಕ ಹೋಗ್ತಾನ?”

“ಹತ್ತಕ್ಕ, ಕಾಕಾ.”

“ಹಂಗಾರ ನಾ ಹನ್ನೊಂದಕ್ಕ ಬರ್ತೇನಿ.”

ಅಂದಂತೆಯೇ ಬರುತ್ತಾರೆ, ತಿಂಗಳಿಗೊಮ್ಮೆ ತಪ್ಪದೆ. ಸುನಂದಾ ಎಷ್ಟು ಖುಷಿಯಾಗಿದ್ದಾಳೆಂದರೆ, ಭಾನುವಾರವೂ ಅಂಗಡಿ ತೆಗೆಯಿರಿ ಎಂದು ನನಗೆ ಹೇಳತೊಡಗಿದ್ದಾಳೆ. ನಾನು ಬೇಡ ಎನ್ನುತ್ತೇನೆ. ಮತ್ತೂ ಬೇಡ ಎನ್ನುತ್ತೇನೆ. ಅವಳು ಒತ್ತಾಯ ಮಾಡುವುದನ್ನು ಬಿಡುವುದೇ ಇಲ್ಲ!