ಹಕ್ಕಿಗೆ ಓಟು, ಮರ್ವಿನ್‌ಗೆ ಏಟು

ಸ್ಪ್ರಾಟ್ ಕೊಲ್ಲಿಯ ಫುಟ್‌ಬಾಲ್ ಕ್ಲಬ್ಬಿಗೆ ಲಾಂಛನ ಬೇಕೆಂದು ಯಾರಿಗೋ ಹೊಳೆದದ್ದೇ ಅಂಚೆಯ ಮರ್ವಿನ್‌ನ ಗ್ರಹಚಾರ. ಕಣದಲ್ಲಿದ್ದವು ಎರಡು. ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ, ಸತ್ತ ಪ್ರಾಣಿಯ ಮೂಳೆಯನ್ನೂ ಬಿಡದ ನಮ್ಮ ಟಾಸ್ಮೇನಿಯಾದ ಡೆವಿಲ್ ಒಂದು. ಕಡಲದಂಡೆಯ ಮರಳಲ್ಲಿ ಮೊಟ್ಟೆಯಿಡುವ ಕೆಂಪು ಕೊಕ್ಕಿನ ಪ್ಲೋವರ್ ಹಕ್ಕಿ ಇನ್ನೊಂದು. ಗೆದ್ದದ್ದರ ವೇಷ ತೊಟ್ಟು ಶನಿವಾರ ಶನಿವಾರ ಮೈದಾನದಲ್ಲಿ ಕುಣಿಯಲು ಒಬ್ಬ ಬೇಕು. ಊರಲ್ಲಿ ಡೆವಿಲ್‌ನಂತೆ ಗಿಡ್ಡ ಕಾಲು, ಗುಂಡು ಹೊಟ್ಟೆಯವನೆಂದರೆ ಮರ್ವಿನ್ ಒಬ್ಬನೇ. ಹಕ್ಕಿಯಂತೆ ಕಡ್ಡಿ ಕಾಲಿನವನು ಮೀನುಗಾರ ಲಿಂಡ್ಸೇ.

"ಡೆವಿಲ್ ಗೆದ್ರೆ ನನ್ನ ಮಾನ ಹೋಯ್ತು ಕಣೇ," ಎಂದು ಹೆಂಡತಿ ಗ್ಲೆನಿಸ್‌ಗೆ ಹೇಳಿ ಮರ್ವಿನ್ ಕಾಗದ ಹಂಚಲು ಹೊರಟ. ಸಂಜೆಯೇ ಓಟಿನ ಸಭೆ. ದಾರಿಯುದ್ದಕ್ಕೂ ಹಕ್ಕಿಯ ಪರ ಪ್ರಚಾರ ಶುರುವಾಯಿತು.

"ಡೆವಿಲ್ ಊಟಕ್ಕೆ ಕೂತ್ರೆ ನೆಂಟರ ಮೇಲೇ ಕಿರುಚಾಡುತ್ತೆ," ಎಂದ ಬೇಕರಿಯಲ್ಲಿ.

"ನಮ್ಮನೆ ಕ್ರಿಸ್‌ಮಸ್ ಊಟ ನೋಡಿ ಹೇಳ್ತಿದೀಯಾ?" ಎಂದು ಬೇಕರಿಯ ಡೋರೀನ್ ಕೊಟ್ಟ ಮಾಂಸದ ಪೈಯನ್ನು ವಾಪಸ್ ಎಳೆದುಕೊಂಡಳು.

ಇನ್ನು ಬೈಯುವುದು ಬೇಡ, ಹೊಗಳೋಣ ಎಂದುಕೊಂಡ. ಬ್ಯಾರಿ ಎಂಬವನ ಮನೆಬಾಗಿಲಲ್ಲಿ ನಿಂತು, "ಪ್ಲೋವರ್ ಗಂಡು ಹೆಣ್ಣಿನ ಜೊತೆ ಸರದಿ ಮೇಲೆ ಕಾವಿಗೆ ಕೂರುತ್ತೆ ಮಾರಾಯ. ಡೆವಿಲ್ ಗಂಡು ಮರಿ ಮುಖಾನೂ ನೋಡಲ್ಲ," ಎಂದ.

"ಕೇಳಿಸ್ತೇನ್ರೀ?" ಎಂದಿತು ಒಳಗಿನಿಂದ ಒಂದು ಹೆಣ್ಣುದನಿ.

ಬಿಯರ್ ಹಿಡಿದಿದ್ದ ಬ್ಯಾರಿ ಕೆಂಡವಾದ. "ಸಂಸಾರ ಒಡೆಯೋಕೆ ಬಂದಿದೀಯೇನೋ?"

ಮಧ್ಯಾಹ್ನದೊಳಗೆ ಈ ಕಾವಿನ ಸುದ್ದಿ ಊರೆಲ್ಲ ಹಬ್ಬಿತು. ಹೆಂಗಸರೆಲ್ಲ ಹಕ್ಕಿಯ ಪಕ್ಷ ಸೇರಿದರು. ಗಂಡಸರಲ್ಲಿ ಯಾರೋ ಮರ್ವಿನ್‌ನ ಬೈಕಿನ ಗಾಳಿ ತೆಗೆದರು. ಪಾಪದವನು ಅದನ್ನು ತಳ್ಳಿಕೊಂಡೇ ಸಭೆಗೆ ಬಂದ.

ಹಕ್ಕಿ ಹನ್ನೆರಡು ಓಟಿನಿಂದ ಗೆದ್ದಿತು. ಮರ್ವಿನ್‌ಗೆ ಸ್ವರ್ಗ ಮೂರೇ ಗೇಣು. ಲಿಂಡ್ಸೇಯನ್ನು ತಬ್ಬಿಕೊಂಡು ಅಭಿನಂದಿಸಿದ.

ಕ್ಲಬ್ಬಿನ ಅಧ್ಯಕ್ಷೆ ಬೆವರ್ಲಿ ವೇಷವಿದ್ದ ದೊಡ್ಡ ಪೆಟ್ಟಿಗೆ ಬಿಚ್ಚಿದಳು. ಕಪ್ಪು ರೋಮ, ಎದೆಗೆ ಬಿಳಿ ಪಟ್ಟಿ, ಗುಂಡು ಹೊಟ್ಟೆ.

"ಇದು ಡೆವಿಲ್ ಅಲ್ವಾ!" ಎಂದ ಮರ್ವಿನ್.

"ಡೆವಿಲ್ಲೇ ಅಂತ ಸಮಿತಿ ಹೋದ ತಿಂಗಳೇ ತೀರ್ಮಾನ ಮಾಡಿ ಹೊಲಿಸಿಬಿಟ್ಟಿತ್ತಪ್ಪ. ಓಟು ಅನ್ನೋದು ಊರೋರ ಸಮಾಧಾನಕ್ಕೆ. ಈಗ ಒಂದು ಕೊಕ್ಕು ಅಂಟಿಸಿದ್ರಾಯ್ತು."

"ಹಾಗಾದ್ರೆ ಲಿಂಡ್ಸೇ ಹಾಕ್ಕೊಳ್ಳಲಿ!"

"ಅವನಿಗೆ ಮೊಣಕಾಲಿಗೂ ಬರಲ್ಲ. ನಿನ್ನ ಅಳತೆಗೇ ಹೊಲಿಸಿದ್ದು."

"ನನ್ನ ಅಳತೆ ನಿಮಗ್ಯಾರು ಕೊಟ್ರು?"

ಹಿಂದಿನ ಸಾಲಿನಿಂದ ಗ್ಲೆನಿಸ್ ಟೇಪು ಹಿಡಿದು ಎದ್ದು ಬಂದಳು.

"ಅಲ್ಲಾಡ್ಬೇಡಿ. ಕೊಕ್ಕಿಗೆ ಮೂಗಿನ ಅಳತೆ ಒಂದು ಬಾಕಿ ಇದೆ."