ಮೂವತ್ಮೂರನೇ ಪುಟದ ಕೋಳಿ

ವೈಜನಾಥರು ತಮ್ಮ ಪುಸ್ತಕದ ಮೇಲೆ ಬಂದ ಎರಡು ವಿಮರ್ಶೆಗಳನ್ನು ನಲವತ್ತು ಸಲ ಓದಿದ್ದರು. ಪುಸ್ತಕ ಬೈಂಡಾಗಿ ಬಂದ ಮೇಲೆ ಅದನ್ನು ಮಾತ್ರ ಒಮ್ಮೆಯೂ ತೆರೆದಿರಲಿಲ್ಲ. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಸ್ಟೆನೊ ಆಗಿದ್ದುಕೊಂಡು, ಆರು ವರ್ಷದ ರಜೆಯನ್ನೆಲ್ಲ ಸುರಿದು, ಹೈದರಾಬಾದಿನ ಕನ್ನಡ ಕವಿ ದಿವಂಗತ ಗುರುರಾಜ ಮಾಸ್ತರರ ಜೀವನಚರಿತ್ರೆ ಬರೆದವರಿಗೆ ಹೊಗಳಿಕೆಯ ಮುಂದೆ ಪುಸ್ತಕ ಯಾವ ಲೆಕ್ಕ!

ಆ ಭಾನುವಾರ ಸಂಜೆ ಊರಿನ ಕನ್ನಡ ಸಂಘದಲ್ಲಿ ವಿಮರ್ಶಕರಿಗೆ ಕೃತಜ್ಞತೆ ಹೇಳುವ ಸಭೆ. ಅಧ್ಯಕ್ಷತೆ ಮಾಸ್ತರರ ಮಗಳು ಅಂಬುಬಾಯಿಯವರದು. ಅಪ್ಪನ ಪತ್ರ, ದಿನಚರಿ ತುಂಬಿದ ಟ್ರಂಕನ್ನು ಸಭೆಗೆ ತರುವುದಾಗಿ ಅವರು ಹೇಳಿಕಳಿಸಿದ್ದರು. ಟ್ರಂಕು ಕೈಗೆ ಬಂದರೆ ಜೀವನಚರಿತ್ರೆಯ ಎರಡನೆಯ ಭಾಗ. ಬಾರದಿದ್ದರೆ ವೈಜನಾಥರ ಸಾಹಿತ್ಯ ಅಲ್ಲಿಗೇ ಮುಗಿದಂತೆ.

ಬೆಳಿಗ್ಗೆ ಅಂಬುಬಾಯಿಯವರಿಗೆ ಕೊಡುವ ಪ್ರತಿಗೆ ಬಣ್ಣದ ಕಾಗದ ಸುತ್ತುತ್ತಿದ್ದ ಹೆಂಡತಿ ಗಿರಿಜಾಬಾಯಿ ನಡುವೆ ಎಲ್ಲೋ ತೆರೆದು ನೋಡಿದರು.

"ಏನ್ರಿ, ಮಾಸ್ತರು ಕೋಳಿ ಸಾಕಿದ್ರೇನು?"

"ಏನ್ ಹುಚ್ಚ ಮಾತಾಡ್ತಿ? ಉಳ್ಳಾಗಡ್ಡಿ ಮುಟ್ಟತಿದ್ದಿಲ್ಲ ಅವರು!"

"ಮತ್ತ ಇಲ್ಲೆ ಬರದೈತಲ್ಲ, ಮೊದಲನೇ ವಾರ ಮರಿಗೆ ಬೆಚ್ಚನ್ನ ನೀರು ಕುಡಸ್ಬೇಕಂತ. ಅದೂ ತೆಲುಗಿನಾಗ."

ವೈಜನಾಥರು ಪುಸ್ತಕ ಕಸಿದುಕೊಂಡರು. ಮೂವತ್ಮೂರರಿಂದ ನಲವತ್ತೆಂಟರವರೆಗೆ ಹದಿನಾರು ಪುಟ ಯಾರೋ ಪಶುವೈದ್ಯರು ಬರೆದ ಕೋಳಿ ಸಾಕಣೆ! ಹಳೇ ಊರಿನ ಬೈಂಡರ್ ಸಾಹೇಬರಿಗೆ ಉರ್ದು ಬಿಟ್ಟು ಬೇರೆ ಅಕ್ಷರ ಬಾರದು. ಗುಂಡಗಿದ್ದದ್ದೆಲ್ಲ ಅವರಿಗೆ ಒಂದೇ; ಬೇರೆ ಪುಸ್ತಕದ ಹಾಳೆಗಳನ್ನು ಇದಕ್ಕೆ ಸೇರಿಸಿ ಹೊಲಿದಿದ್ದರು. ಮಂಚದ ಕೆಳಗಿನ ಕಟ್ಟು ಬಿಚ್ಚಿ ನೋಡಿದರೆ ಎಲ್ಲ ಪ್ರತಿಗಳಲ್ಲೂ ಕೋಳಿ.

ಮರುಕ್ಷಣವೇ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನಸ್ಸಿನವರು ಈ ವಿಮರ್ಶಕರು! ಕೋಳಿಯನ್ನು ಕಂಡೂ ಹೊಟ್ಟೆಯಲ್ಲಿ ಹಾಕಿಕೊಂಡಿದ್ದಾರಲ್ಲ! ಹೋದ ವರ್ಷ ಆ ವಿಮರ್ಶಕರಲ್ಲೊಬ್ಬರಾದ ಶಿವಶರಣಪ್ಪನವರ ಕವನ ಸಂಗ್ರಹಕ್ಕೆ ತಾವು ಹಾಳೆ ತಿರುವದೆಯೇ ವಿಮರ್ಶೆ ಬರೆದದ್ದು ವೈಜನಾಥರಿಗೆ ಆಗ ನೆನಪಾಗಲಿಲ್ಲ. ಬೇರೆಯವರ ಪುಸ್ತಕ ಹೇಗಾದರೂ ಇರಲಿ, ತನ್ನದನ್ನು ಮಾತ್ರ ಜನ ಓದಿಯೇ ಓದುತ್ತಾರೆ ಎಂದು ನಂಬುವುದು ಲೇಖಕನ ಹುಟ್ಟುಗುಣ.

ಕೊಡುವ ಪ್ರತಿಯಿಂದ ಹದಿನಾರು ಪುಟವನ್ನು ಬ್ಲೇಡಿನಿಂದ ಕೊಯ್ದು ತೆಗೆದು, ವಿಮರ್ಶಕರ ಬಾಯಿಗೆ ಸಂಜೆಯವರೆಗೆ ಬೀಗ ಹಾಕಿಸಲು ಹೊರಟರು. ಎರಡು ಬಸ್ಸು ಬದಲಿಸಿ ದಿಲ್‌ಸುಖ್‌ನಗರದ ಶಿವಶರಣಪ್ಪನವರ ಮನೆ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

"ಸರ, ಆ ಮೂವತ್ಮೂರನೇ ಪುಟ…" ಎಂದು ಬಾಗಿಲಲ್ಲೇ ಶುರುಮಾಡಿದರು.

ಶಿವಶರಣಪ್ಪನವರು ಒಂದು ಗಳಿಗೆ ತಬ್ಬಿಬ್ಬಾದರೂ ಸಾವರಿಸಿಕೊಂಡರು. "ಅದ ನೋಡ್ರಿ ಪುಸ್ತಕದ ಜೀವಾಳ! ಮಾಸ್ತರು ಅಲ್ಲೆ ಕಣ್ಮುಂದ ಅಡ್ಡಾಡಾಕತ್ತಾರ."

"ಅಲ್ಲೆ ಮಾಸ್ತರಿಲ್ಲರಿ. ಕೋಳಿ ಅದಾವ."

ಬೇರೆಯವರಾಗಿದ್ದರೆ ಬಿದ್ದೇ ಹೋಗುತ್ತಿದ್ದರು. ಶಿವಶರಣಪ್ಪನವರು ಮೂವತ್ತು ವರ್ಷ ವಿಮರ್ಶೆ ಬರೆದವರು. "ಪ್ರತಿಮಾರಿ ಅದು, ಪ್ರತಿಮಾ! ಕೋಳಿ ಕೂಗಿದ್ರ ಬೆಳಗು, ಕವಿ ಹಾಡಿದ್ರ ಬೆಳಗು. ಭಾಳ ದೊಡ್ಡ ಮಾತು. ಜಾಗಾ ಸಾಲದ್ದಕ್ಕ ವಿಮರ್ಶೆದಾಗ ಬಿಟ್ಟಿದ್ದೆ. ಇವತ್ತ ಅದರ ಮ್ಯಾಲೇ ಮಾತಾಡ್ತೀನಿ."

"ಬ್ಯಾಡ್ರಿ ಸರ, ನಿಮ್ಮ ಕಾಲಿಗೆ ಬೀಳ್ತೀನಿ!"

"ನಿಮ್ಮ ಸಂಕೋಚ ನನಗ ಗೊತ್ತೈತಿ. ಚಾ ಕುಡೀರಿ."

ಸುಮ್ಮನಿದ್ದ ಬಾಯನ್ನು ತಾವೇ ತೆರೆಸಿ ಬಂದಂತಾಯಿತು. ಇನ್ನೊಬ್ಬ ವಿಮರ್ಶಕಿ ಪ್ರಫುಲ್ಲಾ ಕಾಲೇಜಿನಲ್ಲಿ ಪಾಠ ಹೇಳುವವರು, ನೇರ ಮಾತಿನವರು. ಅವರ ಮನೆಯಲ್ಲೂ ವೈಜನಾಥರು ಆ ಪುಟದ ಮಾತೇ ತೆಗೆದರು.

"ಖರೇ ಹೇಳ್ಲೇನ್ರಿ? ಮುನ್ನುಡಿ ಓದಿ ಬರದೀನಿ. ಪುಸ್ತಕ ನನ್ನ ಹತ್ರ ಎಲ್ಲಿತ್ತು? ಅಂಬುಬಾಯಿಯವರು ಒಯ್ದು ಹದಿನೈದು ದಿನಾತು."

"ಯಾರು?"

"ನಮ್ಮಪ್ಪನ ಬಗ್ಗೆ ಏನು ಬರದಾರ ನೋಡ್ತೀನಂತ ಒಯ್ದಾರ. ಕನ್ನಡಕ ಹಾಕ್ಕೊಂಡು, ಪೆನ್ಸಿಲ್ ಹಿಡಕೊಂಡು ಓದಾಕತ್ತಾರಂತ."

ಅಲ್ಲಿಂದ ಸಂಘದವರೆಗೆ ವೈಜನಾಥರು ಹೇಗೆ ಬಂದರೆಂಬುದು ಅವರಿಗೇ ತಿಳಿಯದು. ವೇದಿಕೆಯ ಮೇಲೆ ಅಂಬುಬಾಯಿ ಕುಳಿತಿದ್ದರು. ಕಾಲ ಬಳಿ ಟ್ರಂಕು, ತೊಡೆಯ ಮೇಲೆ ಪುಸ್ತಕ, ಪುಸ್ತಕದ ತುಂಬ ಗುರುತಿಗೆಂದು ಇಟ್ಟ ಚೀಟಿ. ಶಿವಶರಣಪ್ಪನವರು ಮುಕ್ಕಾಲು ಗಂಟೆ ಕೋಳಿಯನ್ನು ಕೊಂಡಾಡಿದರು. ಸಭಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಮಗೆ ತಿಳಿಯದ್ದು ದೊಡ್ಡದೇ ಇರಬೇಕೆಂದು ಚಪ್ಪಾಳೆ ತಟ್ಟಿದರು.

ಅಂಬುಬಾಯಿ ಎದ್ದರು. ವೈಜನಾಥರು ಮನದಲ್ಲೇ ಟ್ರಂಕಿಗೆ ಎಳ್ಳುನೀರು ಬಿಟ್ಟರು.

"ನಾ ಈ ಪುಸ್ತಕ ಎರಡು ಸಲ ಓದೀನಿ. ನಮ್ಮಪ್ಪ ದಿನಾ ಹೊಳಿ ಈಸಿ ಸಾಲಿಗೆ ಹೋಗ್ತಿದ್ರು ಅಂತ ಬರದಾರ. ಅವರಿಗೆ ಹಂಡೇದಾಗಿನ ನೀರು ಕಂಡ್ರೂ ಅಂಜಿಕಿ. ದಿನಾ ಸಂಜೀಕೆ ಅವ್ವಗ ಕವಿತಾ ಓದಿ ಹೇಳ್ತಿದ್ರು ಅಂತ ಬರದಾರ. ಇಬ್ಬರ ನಡುವ ಹದಿನೆಂಟು ವರ್ಷ ಮಾತಿದ್ದಿಲ್ಲ. ಉಪ್ಪು ಬೇಕಾದ್ರ ನನ್ನ ಕೈಲೆ ಕೇಳಸ್ತಿದ್ರು."

ಅಂಬುಬಾಯಿ ಚೀಟಿ ಇಟ್ಟ ಪುಟ ತೆಗೆದರು.

"ಆದ್ರ ನಡುವ ಹದಿನಾರು ಪುಟ ಅವ, ತೆಲುಗಿನವು. ಯಾರ ಬರದಾರೋ, ಕೋಳಿ ತತ್ತಿ ಇಟ್ರ ಇಟ್ಟದ ಅಂತಾರ, ಇಡಲಿಲ್ಲಂದ್ರ ಇಟ್ಟಿಲ್ಲ ಅಂತಾರ. ಬ್ಯಾನಿ ಬಂದದ್ದು ಮುಚ್ಚಿಟ್ಟಿಲ್ಲ. ಸತ್ತ ಕೋಳಿನ್ನ ಮಹಾನುಭಾವ ಮಾಡಿಲ್ಲ. ಇಂಥಾವರು ನಮ್ಮಪ್ಪನ ಬಗ್ಗೆ ಬರೀಬೇಕು."

ಟ್ರಂಕಿನ ಮೇಲೆ ಕೈಯಿಟ್ಟು ವೈಜನಾಥರ ಕಡೆ ತಿರುಗಿದರು. "ಕನ್ನಡ ಬರದಿದ್ರ ಕಲೀಲಿ. ಇದನ್ನ ಅವರಿಗೇ ಕೊಡ್ತೀನಿ. ಅವರ ವಿಳಾಸ ಬರಕೊಡ್ರಿ, ವೈಜನಾಥರೇ."

ಆ ದಿನದಲ್ಲೇ ದೊಡ್ಡ ಚಪ್ಪಾಳೆ ಆಗ ಬಿತ್ತು. ಮೊದಲು ತಟ್ಟಿದವರು ಶಿವಶರಣಪ್ಪನವರು. ವೈಜನಾಥರು ಸಂಘದ ಫೋನಿನಲ್ಲಿ ಬೈಂಡರ್ ಸಾಹೇಬರನ್ನು ಕೇಳಿ ವಿಳಾಸ ಬರೆದುಕೊಟ್ಟರು. ಕಾರ್ಯಕ್ರಮದಲ್ಲಿ ಇನ್ನು ಉಳಿದದ್ದು ವಂದನಾರ್ಪಣೆ. ಅದನ್ನು ಮಾಡಬೇಕಾದವರೂ ಅವರೇ ಆಗಿದ್ದರಿಂದ ಮೈಕಿನ ಮುಂದೆ ಬಂದು ನಿಂತರು.